ಖಾಲಿ ಹೊಟ್ಟೆಯ ನೂರ ಎಪ್ಪತ್ತೊಂದು

ಕಳೆದ ಧನುರ್ಮಾಸದ ಮೊದಲ ಭಾನುವಾರ ಬೆಳಿಗ್ಗೆ ಹೂಟಗಳ್ಳಿಯ ಒಂದು ಬಡಾವಣೆಯ ದೇವಸ್ಥಾನದ ಆವರಣದಲ್ಲಿ ಉಚಿತ ಸಕ್ಕರೆ ಕಾಯಿಲೆ ತಪಾಸಣಾ ಶಿಬಿರ ನಡೆಯಿತು. ಬೆರಳು ಚುಚ್ಚಿಸಿಕೊಂಡವರಲ್ಲಿ ಅರ್ಧಕ್ಕೂ ಹೆಚ್ಚು ಜನರ ಕೈಗೆ ಹಳದಿ ಇಲ್ಲವೇ ಕೆಂಪು ಕಾರ್ಡು ಬಂತು. ಮರುದಿನ ನಾನು ಕೆಲಸ ಮಾಡುವ ಪತ್ರಿಕೆಯ ಮೂರನೇ ಪುಟದಲ್ಲಿ ಎರಡು ಕಾಲಂ ಸುದ್ದಿ ಪ್ರಕಟವಾಯಿತು. ಶಿಬಿರದವರು ಕಳಿಸಿದ ಪ್ರಕಟಣೆಯನ್ನು ಡೆಸ್ಕಿನಲ್ಲಿ ಸ್ವಲ್ಪ ಕತ್ತರಿಸಿ ಹಾಗೆಯೇ ಹಾಕಿದ್ದರು. ಶೀರ್ಷಿಕೆ: ‘ಅರ್ಧ ಬಡಾವಣೆಗೆ ಸಕ್ಕರೆ ಕಾಯಿಲೆ ಭೀತಿ’.

ಅದೇ ವಾರ ಗಂಡ ಹೆಂಡತಿ ಇಬ್ಬರು ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದರು. ಗಂಡ ಕಾರ್ಖಾನೆಯೊಂದರ ನೌಕರರನ್ನು ಕರೆತಂದು ಬಿಡುವ ಬಸ್ಸಿನ ಚಾಲಕ. ಬಸ್ಸು ಕಾರ್ಖಾನೆಯದಲ್ಲ, ಒಬ್ಬ ಗುತ್ತಿಗೆದಾರರದು. ಹೆಂಡತಿ ಮನೆಯಲ್ಲೇ ರವಿಕೆ ಹೊಲಿಯುವವರು. ಆರೋಗ್ಯದ ಸುದ್ದಿ ಯಾರು ಬರೆಯುತ್ತಾರೆಂದು ಕೆಳಗೆ ಕೇಳಿದ್ದಾರೆ, ನನ್ನ ಟೇಬಲ್ಲು ತೋರಿಸಿದ್ದಾರೆ. ಆಕೆ ಮಡಚಿದ ಪತ್ರಿಕೆಯನ್ನು ನನ್ನ ಮುಂದೆ ಬಿಡಿಸಿಟ್ಟರು.

“ಇದು ನೀವು ಬರ್ದಿದ್ದಾ ಅಕ್ಕ?”

“ನಾನಲ್ಲ. ಆದರೆ ನಮ್ಮ ಪತ್ರಿಕೆಯದೇ. ಏನಾಯ್ತು ಹೇಳಿ.”

“ನಿಮ್ ಪತ್ರಿಕೆದು ಅಂದ್ಮೇಲೆ ನೀವೇ ಹೇಳ್ಬೇಕು. ಇವ್ರ ಕೈಯಿಂದ ಬಸ್ಸಿನ ಕೀ ಈಸ್ಕೊಂಡ್ಬುಟ್ಟವ್ರೆ.”

ಚಾಲಕರು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಐವತ್ತು ದಾಟಿದ ಮನುಷ್ಯ, ಗಟ್ಟಿ ಮೈಕಟ್ಟು, ಸೊಂಟದ ಸುತ್ತ ಸ್ವಲ್ಪ ಬೊಜ್ಜು. ಅವರು ಹೇಳಿದ್ದು ಇಷ್ಟು. ಗುತ್ತಿಗೆದಾರರೇ ಆ ಶಿಬಿರದ ಮುಖ್ಯ ಅತಿಥಿ. ತಮ್ಮ ಚಾಲಕರೆಲ್ಲ ಬಂದು ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಹಿಂದಿನ ದಿನ ಹೇಳಿಕಳಿಸಿದ್ದರು. ಕಾರ್ಡು ಬರೆದವರು ಅದನ್ನು ಮೊದಲು ಅತಿಥಿಗಳಿಗೆ ತೋರಿಸಿ, ಆಮೇಲೆ ಚಾಲಕರ ಕೈಗೆ ಕೊಟ್ಟರು. ಇವರದು ಕೆಂಪು. ಸೋಮವಾರ ಬೆಳಿಗ್ಗೆ ಬಸ್ಸು ತೆಗೆಯಲು ಹೋದಾಗ ಕೀ ಬೇರೊಬ್ಬರ ಕೈಯಲ್ಲಿತ್ತು. ಯಾಕೆಂದು ಕೇಳಿದ್ದಕ್ಕೆ ಗುತ್ತಿಗೆದಾರರು ಅವತ್ತಿನ ನಮ್ಮ ಪತ್ರಿಕೆ ತೋರಿಸಿದ್ದರು.

“ಶುಗರ್ ಇರೋನು ದಾರೀಲಿ ತಲೆ ತಿರುಗಿ ಬಿದ್ರೆ ಯಾರಪ್ಪ ಜವಾಬ್ದಾರಿ ಅಂದ್ರು ಮೇಡಂ. ಪುಡಿ ತಗೋ, ಹಸಿರು ಕಾರ್ಡು ತಗೊಂಡ್ಬಾ, ಕೀ ಕೊಡ್ತೀನಿ ಅಂದ್ರು. ನಾನು ಸ್ಟೇರಿಂಗ್ ಹಿಡ್ದಾಗಿಂದ ಒಂದ್ಸಲಾನೂ ತಲೆ ತಿರುಗಿಲ್ಲ.”

“ಮನೇಲಿ ಕೂತು ಈಗ ತಿರುಗ್ತಾ ಐತೆ,” ಅಂದರು ಹೆಂಡತಿ.

ಕಾರ್ಡು ನೋಡಿದೆ. ಟ್ರಾಫಿಕ್ ದೀಪದಂತೆ ಮೂರು ಬಣ್ಣದ ವೃತ್ತಗಳು. ಕೆಂಪಿಗೆ ಗುರುತು ಹಾಕಿತ್ತು. ಪಕ್ಕದಲ್ಲಿ ‘ಖಾಲಿ ಹೊಟ್ಟೆ’, ಅದರ ಮುಂದೆ 171. ಹಿಂಬದಿಯಲ್ಲಿ ಶಿಬಿರದವರೇ ಮಾರುವ ಪುಡಿಯ ಕಿಟ್ಟಿನ ಜಾಹೀರಾತು: ಹಾಗಲ, ಮೆಂತ್ಯ, ನೇರಳೆ ಬೀಜ, ಮತ್ತು ‘ಹಸಿರಿಗೆ ಮರಳಿ’ ಎಂಬ ಘೋಷಣೆ.

ಬಣ್ಣಗಳಲ್ಲಿ ತಪ್ಪಿರಲಿಲ್ಲ. ರಾತ್ರಿಯಿಡೀ ಏನೂ ತಿನ್ನದೆ ಬೆಳಿಗ್ಗೆ ತೆಗೆದ ರಕ್ತದಲ್ಲಿ ಸಕ್ಕರೆ ನೂರಕ್ಕಿಂತ ಕಡಿಮೆ ಇದ್ದರೆ ಸಹಜ. ನೂರರಿಂದ ನೂರ ಇಪ್ಪತ್ತೈದರವರೆಗೆ ಇದ್ದರೆ ಪೂರ್ವ ಮಧುಮೇಹ: ಕಾಯಿಲೆ ಬಂದಿಲ್ಲ, ಬರುವ ದಾರಿಯಲ್ಲಿದ್ದೀರಿ ಎಂಬ ಎಚ್ಚರಿಕೆ. ನೂರ ಇಪ್ಪತ್ತಾರು ಮುಟ್ಟಿದರೆ, ಮತ್ತೊಂದು ಪರೀಕ್ಷೆಯಲ್ಲೂ ಅದು ಖಚಿತವಾದರೆ, ಮಧುಮೇಹ. ವೈದ್ಯರು ಬಳಸುವ ಗಡಿಗಳನ್ನೇ ಕಾರ್ಡಿನಲ್ಲಿ ಅಚ್ಚು ಹಾಕಿದ್ದರು. ಆ ಲೆಕ್ಕದಲ್ಲಿ 171 ಕೆಂಪೇ.

“ಅವತ್ತು ಬೆಳಿಗ್ಗೆ ಏನು ತಿಂದಿದ್ರಿ?” ಎಂದು ಕೇಳಿದೆ.

“ಏನೂ ಇಲ್ಲ ಮೇಡಂ. ರಾತ್ರಿ ಮುದ್ದೆ ಉಂಡಿದ್ದೇ ಕೊನೆ. ಒಂದ್ ಲೋಟ ಕಾಫಿನೂ ಕುಡ್ದಿಲ್ಲ.”

“ದೇವ್ರಾಣೆಗೂ ಇಲ್ಲ ಅಕ್ಕ. ನಾನೇ ಕೊಟ್ಟಿಲ್ಲ,” ಅಂದರು ಆಕೆ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ ಅನ್ನಿಸಿತು. ಹಾಗಾದರೆ ಯಂತ್ರ ಸುಳ್ಳು ಹೇಳುತ್ತಿರಬೇಕು ಎಂದುಕೊಂಡೆ.

ಶಿಬಿರ ನಡೆಸಿದವರ ಕೇಂದ್ರ ವಿದ್ಯಾರಣ್ಯಪುರಂನಲ್ಲಿತ್ತು. ಆಯೋಜಕರು ಬಿಳಿ ಜುಬ್ಬಾ ತೊಟ್ಟ, ಮಾತು ಮಾತಿಗೆ ಕೈ ಮುಗಿಯುವ ಮನುಷ್ಯ. ಸುದ್ದಿ ಚೆನ್ನಾಗಿ ಬಂದಿದೆ ಎಂದು ಥ್ಯಾಂಕ್ಸ್ ಹೇಳಿದರು. ಯಂತ್ರ ನೋಡಬೇಕು ಅಂದೆ. ಒಂದು ಕ್ಷಣವೂ ತಡಮಾಡದೆ ತಂದಿಟ್ಟರು. ರಕ್ತದ ಹನಿ ಹಾಕುವ ಪಟ್ಟಿಗಳ ಡಬ್ಬಿಯನ್ನೂ ಕೊಟ್ಟರು. ಅವಧಿ ಮುಗಿದಿರಲಿಲ್ಲ, ಮುಚ್ಚಳ ಬಿಗಿಯಾಗಿತ್ತು. ಔಷಧಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಂಪನಿಯ ಯಂತ್ರವೇ. ನಾನೂ ಅಂಥದ್ದೊಂದು ಕೊಂಡು, ಪರಿಚಯದ ವೈದ್ಯೆಯ ಬಳಿ ಹೋದೆ. ಅವರು ಸರ್ಕಾರಿ ಆಸ್ಪತ್ರೆಯಲ್ಲಿ ಬಹಳ ವರ್ಷಗಳಿಂದ ಮಧುಮೇಹಿಗಳನ್ನೇ ನೋಡುತ್ತಿರುವವರು. ಖಾಲಿ ಹೊಟ್ಟೆಯಲ್ಲಿ ನನ್ನ ತೋಳಿನ ರಕ್ತನಾಳದಿಂದ ರಕ್ತ ತೆಗೆಸಿದರು. ಅದೇ ಹೊತ್ತಿಗೆ ಬೆರಳಿಗೂ ಚುಚ್ಚಿಕೊಂಡೆ. ಬೆರಳಿನದು 97, ಪ್ರಯೋಗಾಲಯದ್ದು 94.

“ಯಂತ್ರದ ಮೇಲೆ ಯಾಕೆ ಸಿಟ್ಟು?” ಅಂದರು ವೈದ್ಯೆ. “ಇದು ಕಾಯಿಲೆ ಇರೋರು ಮನೇಲಿ ದಿನಾ ನೋಡ್ಕೊಳ್ಳೋಕೆ ಇರೋದು. ನೂರಕ್ಕೆ ಹದಿನೈದು ಆಚೀಚೆ ಆದ್ರೂ ಒಪ್ಕೋತೀವಿ. ಇದರಲ್ಲಿ ಒಂದ್ಸಲ ನೋಡಿ ಯಾರಿಗೂ ಕಾಯಿಲೆ ಹೆಸರಿಡಬಾರದು ಅಷ್ಟೇ. ನಿಮ್ಮ ಚಾಲಕರನ್ನ ಕರ್ಕೊಂಡ್ಬನ್ನಿ, ಸರಿಯಾಗಿ ನೋಡೋಣ.”

ಹದಿನೈದರ ವ್ಯತ್ಯಾಸ ಬಿಟ್ಟರೂ 171 ಹಸಿರಿಗೆ ಇಳಿಯುವುದಿಲ್ಲ. ನನ್ನ ಮೊದಲ ಅನುಮಾನ ಅಲ್ಲಿಗೆ ಸತ್ತಿತು. ಚಾಲಕರಿಗೆ ಫೋನ್ ಮಾಡಿ ಪ್ರಯೋಗಾಲಯದ ಪರೀಕ್ಷೆ ಮಾಡಿಸೋಣ ಅಂದೆ. ಅವರು ಹಿಂದೇಟು ಹಾಕಿದರು.

“ಅದರಲ್ಲೂ ಬಂದ್ಬುಟ್ರೆ ಮೇಡಂ? ಈಗ ಒಂದು ಕಾರ್ಡು, ಹರಿದಾಕ್ಬೋದು. ಆಮೇಲೆ ದೊಡ್ಡಾಸ್ಪತ್ರೆ ಡಾಕ್ಟ್ರೇ ಬರ್ಕೊಟ್ಟಂಗಾಗುತ್ತೆ. ಈ ವಯಸ್ಸಲ್ಲಿ ನಂಗೆ ಇನ್ನೊಂದು ಬಸ್ ಯಾರು ಕೊಡ್ತಾರೆ?”

ಬಲವಂತ ಮಾಡಲಿಲ್ಲ. ಧನುರ್ಮಾಸ ಮುಗಿಯುವವರೆಗೆ ಪ್ರತಿ ಭಾನುವಾರ ಶಿಬಿರವಿದೆ ಎಂದು ಪ್ರಕಟಣೆಯಲ್ಲೇ ಇತ್ತು. ಮುಂದಿನ ಭಾನುವಾರ ನಾನೇ ಹೋಗಿ ನೋಡುವುದೆಂದು ತೀರ್ಮಾನಿಸಿದೆ.

ಆ ಭಾನುವಾರ ಮನೆಯಲ್ಲಿ ಎದ್ದ ಕೂಡಲೇ ಬೆರಳು ಚುಚ್ಚಿಕೊಂಡು ನೋಡಿದೆ: 93. ಯಂತ್ರವನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೆ. ಹೂಟಗಳ್ಳಿ ತಲುಪಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಮಂಜು ಇಳಿಯುತ್ತಿತ್ತು. ಆದರೂ ದೇವಸ್ಥಾನದ ಅಂಗಳ ತುಂಬಿತ್ತು. ತಲೆಗೆ ಮಫ್ಲರ್ ಸುತ್ತಿದವರು, ಒದ್ದೆ ಕೂದಲಿಗೆ ಟವೆಲ್ ಕಟ್ಟಿದವರು, ನಿದ್ದೆಗಣ್ಣಿನ ಮಕ್ಕಳು. ಮಂಗಳಾರತಿ ಆಯಿತು. ಜನ ಸಾಲು ನಿಂತರು. ದೊಡ್ಡ ಪಾತ್ರೆಯಿಂದ ಹೊಗೆಯಾಡುವ ಸಿಹಿ ಹುಗ್ಗಿಯನ್ನು ದೊನ್ನೆಗೆ ಹಾಕಿ ಕೊಡುತ್ತಿದ್ದರು. ಬೆಲ್ಲ, ತುಪ್ಪ ಕೈ ಬಿಚ್ಚಿ ಹಾಕಿದ ಹುಗ್ಗಿ, ಬೆರಳಿಗೆ ಅಂಟುತ್ತಿತ್ತು. ನನಗೂ ಒಂದು ದೊನ್ನೆ ಬಂತು. ಚಳಿಗೆ ಹಿತವಾಗಿತ್ತು. ಎಲ್ಲರ ಹಾಗೆ ನಾನೂ ಕೈಯಲ್ಲೇ ತಿಂದೆ.

ಹುಗ್ಗಿಯ ಸಾಲು ಮುಗಿಯುವಲ್ಲಿಂದ ಹೊರಗಿನ ಗೇಟಿಗೆ ಒಂದೇ ದಾರಿ. ಆ ದಾರಿಯ ಮೇಲೆ ಶಿಬಿರದ ಟೇಬಲ್ಲುಗಳಿದ್ದವು. ಕೈ ತೊಳೆಯುವ ನಲ್ಲಿ ದೇವಸ್ಥಾನದ ಹಿಂಭಾಗದಲ್ಲಿ. ಅಲ್ಲಿಗೆ ಹೋಗಿ ಬಂದರೆ ಶಿಬಿರದ ಸಾಲಿನಲ್ಲಿ ಜಾಗ ತಪ್ಪುತ್ತದೆ. ಹೆಚ್ಚಿನವರು ಬೆರಳು ನೆಕ್ಕಿ, ಕರ್ಚೀಫಿಗೋ ಸೆರಗಿಗೋ ಒರೆಸಿಕೊಂಡು ಸಾಲಿಗೆ ನಿಲ್ಲುತ್ತಿದ್ದರು.

ಬಿಳಿ ಕೋಟು ತೊಟ್ಟ ಇಬ್ಬರು ಯುವತಿಯರು ಬೆರಳು ಚುಚ್ಚುತ್ತಿದ್ದರು. ಸೂಜಿಯನ್ನು ಪ್ರತಿಯೊಬ್ಬರಿಗೂ ಬದಲಿಸುತ್ತಿದ್ದರು, ಇದನ್ನು ಬರೆದುಕೊಂಡೆ. ಹತ್ತಿಯನ್ನು ಬದಲಿಸುತ್ತಿರಲಿಲ್ಲ. ಸ್ಪಿರಿಟ್ ಹಚ್ಚಿದ ಒಂದೇ ಹತ್ತಿಯುಂಡೆ ಒಬ್ಬರ ಬೆರಳಿನಿಂದ ಇನ್ನೊಬ್ಬರ ಬೆರಳಿಗೆ ಹೋಗುತ್ತಿತ್ತು, ಕಂದು ಬಣ್ಣಕ್ಕೆ ತಿರುಗಿದ ಮೇಲೆ ಕೆಳಗೆ ಬೀಳುತ್ತಿತ್ತು. ಆ ಕಂದು ಬೆಲ್ಲದ್ದೋ ರಕ್ತದ್ದೋ ಹೇಳುವಂತಿರಲಿಲ್ಲ. ಟೇಬಲ್ಲಿನ ಕೆಳಗೆ ಒಂದೇ ಬುಟ್ಟಿ. ನೆಕ್ಕಿ ಬಿಸಾಡಿದ ದೊನ್ನೆಗಳೂ ಅದರಲ್ಲೇ, ರಕ್ತದ ಚುಕ್ಕೆಯ ಹತ್ತಿ, ಬಳಸಿದ ಪಟ್ಟಿಗಳೂ ಅದರಲ್ಲೇ. ಒಂದು ಬೀದಿನಾಯಿ ಬುಟ್ಟಿಯನ್ನು ಬಗ್ಗಿಸಿಕೊಂಡು ದೊನ್ನೆಯ ಜೊತೆಗೆ ಹತ್ತಿಯನ್ನೂ ನೆಕ್ಕುತ್ತಿತ್ತು. ಯಾರೂ ಅದನ್ನು ಅಟ್ಟಲಿಲ್ಲ. ನನ್ನ ಬಾಯಲ್ಲಿದ್ದ ಹುಗ್ಗಿಯ ರುಚಿ ಆಗಲೇ ಕೆಟ್ಟಿತು.

ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ ಇದ್ದರು. ಅವರ ಎಡಗೈಯಲ್ಲಿ ಇನ್ನೂ ದೊನ್ನೆ ಇತ್ತು, ಗಲ್ಲದ ಮೇಲೆ ಹುಗ್ಗಿಯ ಒಂದು ಅಗುಳು.

“ತಿಂಡಿ ಆಗಿದ್ಯಾ ಅಜ್ಜಿ?” ಎಂದು ಬಿಳಿ ಕೋಟಿನ ಯುವತಿ ಕೇಳಿದಳು.

“ಇಲ್ಲ ಕಣಮ್ಮ, ಇನ್ನು ಮನೆಗೋಗಿ ಮಾಡ್ಬೇಕು.”

ಯುವತಿ ‘ಖಾಲಿ ಹೊಟ್ಟೆ’ ಎಂಬಲ್ಲಿ ಗುರುತು ಹಾಕಿದಳು. ದೊನ್ನೆ ಹಿಡಿದ ಕೈಯನ್ನು ಪಕ್ಕಕ್ಕೆ ಸರಿಸಿ, ಹುಗ್ಗಿ ತಿಂದ ಕೈಯ ಬೆರಳನ್ನು ಹಿಡಿದು ಚುಚ್ಚಿದಳು. ಅಜ್ಜಿಗೆ ಕೆಂಪು ಕಾರ್ಡು ಬಂತು.

ನಾನು ಅವರನ್ನು ಕೇಳಿದೆ: “ಅಜ್ಜಿ, ಹುಗ್ಗಿ ತಿಂದ್ರಲ್ಲ ಈಗ?”

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅದು ಪ್ರಸಾದ ಕಣವ್ವ. ತಿಂಡಿ ಎಲ್ಲಾಯ್ತು? ಯಾವೂರು ನಿಂದು?”

ನನ್ನೂರೂ ಮೈಸೂರೇ. ನಮ್ಮ ಮನೆಯಲ್ಲೂ ಪ್ರಸಾದವನ್ನು ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಪವಾಸದ ದಿನವೂ ಪ್ರಸಾದ ಬಾಯಿಗೆ ಹಾಕಿಕೊಳ್ಳುತ್ತೇವೆ, ಉಪವಾಸ ಮುರಿಯಿತೆಂದು ಯಾರೂ ಅಂದುಕೊಳ್ಳುವುದಿಲ್ಲ. ಚಾಲಕರಿಗೆ ನಾನು ಕೇಳಿದ ಪ್ರಶ್ನೆಯೂ ಇದೇ ಆಗಿತ್ತು. ಅವರು ನನಗೆ ಕೊಟ್ಟ ಉತ್ತರವೂ ಅಜ್ಜಿಯದೇ.

ನನ್ನ ಸರದಿ ಬಂತು.

“ತಿಂಡಿ ಆಗಿದ್ಯಾ ಮೇಡಂ?”

“ಒಂದು ದೊನ್ನೆ ಹುಗ್ಗಿ ತಿಂದಿದ್ದೀನಿ.”

“ಪ್ರಸಾದ ಪರ್ವಾಗಿಲ್ಲ ಮೇಡಂ. ತಿಂಡಿ ಕೇಳ್ತಿರೋದು,” ಅಂದು ಖಾಲಿ ಹೊಟ್ಟೆಗೆ ಗುರುತು ಹಾಕಿದಳು. ಅದೇ ಹತ್ತಿಯಿಂದ ಬೆರಳು ಒರೆಸಲು ಬಂದಾಗ ಬೇರೆ ಹತ್ತಿ ಕೇಳಿ ತೆಗೆಸಿಕೊಂಡೆ. ಅವಳ ಯಂತ್ರದಲ್ಲಿ ಬಂದದ್ದು 203. ಕೆಂಪು ಕಾರ್ಡು.

ಅಲ್ಲಿಂದ ನೇರ ಹಿಂದಿನ ನಲ್ಲಿಗೆ ಹೋಗಿ ಸೋಪು ಹಾಕಿ ಎರಡೂ ಕೈ ತೊಳೆದು ಒರೆಸಿಕೊಂಡೆ. ಮೆಟ್ಟಿಲ ಮೇಲೆ ಕೂತು ಎಡಗೈ ಬೆರಳನ್ನು ನನ್ನ ಯಂತ್ರದಿಂದ ಚುಚ್ಚಿಕೊಂಡೆ: 136. ಎದ್ದಾಗ 93 ಇದ್ದದ್ದು ಹುಗ್ಗಿ ತಿಂದ ಮೇಲೆ 136 ಆಗಿತ್ತು. ಅದು ಆಗಲೇಬೇಕು, ಊಟವಾದ ಮೇಲೆ ಯಾರಿಗಾದರೂ ಏರುತ್ತದೆ, ಆಮೇಲೆ ಇಳಿಯುತ್ತದೆ. ಉಳಿದದ್ದು ನನ್ನ ರಕ್ತದ್ದಲ್ಲ. ಬೆರಳ ಮೇಲಿದ್ದ ಬೆಲ್ಲದ್ದು. ಸ್ಪಿರಿಟ್ಟಿನಿಂದ ಒಂದು ಸಲ ಒರೆಸಿದರೆ ಆ ಅಂಟು ಹೋಗುವುದಿಲ್ಲ. ಯಂತ್ರ ಸುಳ್ಳು ಹೇಳಿರಲಿಲ್ಲ. ಹನಿಯಲ್ಲಿ ಎಷ್ಟು ಸಕ್ಕರೆ ಇತ್ತೋ ಅಷ್ಟನ್ನೇ ತೋರಿಸಿತ್ತು.

ಚಾಲಕರಿಗೆ ಫೋನ್ ಮಾಡಿದೆ.

“ಹೋದ ಭಾನುವಾರ ಹುಗ್ಗಿ ತಿಂದಿದ್ರಾ?”

“ಹೂಂ ಮೇಡಂ, ಎರಡ್ ದೊನ್ನೆ. ಪ್ರಸಾದ ಬೇಡ ಅನ್ನಕ್ಕಾಗುತ್ತಾ?”

“ಏನೂ ತಿಂದಿಲ್ಲ ಅಂದಿದ್ರಲ್ಲ.”

ಹಿಂದಿನಿಂದ ಹೆಂಡತಿಯ ದನಿ ಕೇಳಿತು: “ಎರಡ್ ದೊನ್ನೆನಾ? ನಂಗೆ ಒಂದು ಅಂದ್ರಿ!”

ಇದು ಇಲ್ಲಿಗೆ ಮುಗಿದಿದ್ದರೆ ಅರಿಯದೆ ಆದ ತಪ್ಪು ಎಂದು ಬರೆಯಬಹುದಿತ್ತು. ಅರ್ಚಕರನ್ನು ಮಾತಾಡಿಸಿದೆ. ಅವರು ಪಾತ್ರೆ ತೊಳೆಸುತ್ತಿದ್ದರು.

“ಪೂಜೆಗೆ ಮುಂಚೆ ಜನ ಬಂದು ಕೂತಿರ್ತಾರೆ, ಆಗ್ಲೇ ಮಾಡ್ಕೊಳಿ, ಹೊಟ್ಟೇಲಿ ಏನೂ ಇರಲ್ಲ ಅಂದೆ. ಇಲ್ಲ ಸ್ವಾಮಿ, ಪ್ರಸಾದ ಆದ್ಮೇಲೇ ಇರ್ಲಿ ಅಂದ್ರು. ನಲ್ಲಿ ಹತ್ರ ಟೇಬಲ್ ಹಾಕ್ಕೊಳಿ ಅಂದೆ, ಗೇಟ್ ಹತ್ರನೇ ಬೇಕು ಅಂದ್ರು. ಅವರ ಶಿಬಿರ, ಅವರಿಷ್ಟ ಅಂತ ಸುಮ್ನಾದೆ.”

ಆಯೋಜಕರು ಗೇಟಿನ ಬಳಿ ಕೆಂಪು ಕಾರ್ಡಿನವರಿಗೆ ಕಿಟ್ಟಿನ ವಿಷಯ ಹೇಳುತ್ತಿದ್ದರು. ನನ್ನ ಎರಡು ಅಂಕಿಗಳನ್ನು ಅವರ ಮುಂದಿಟ್ಟೆ. ಅವರು ಮುಗುಳ್ನಗುತ್ತಲೇ ಕೇಳಿಸಿಕೊಂಡರು. ಆಮೇಲೆ ಸುತ್ತ ನಿಂತವರಿಗೂ ಕೇಳುವಂತೆ ದನಿ ಏರಿಸಿದರು.

“ಅಂದ್ರೆ ಮೇಡಂ, ದೇವರ ಪ್ರಸಾದ ತಿಂದ್ರೆ ಕಾಯಿಲೆ ಬರುತ್ತೆ ಅಂತ ಬರೀತೀರಾ? ಧನುರ್ಮಾಸದಲ್ಲಿ? ಬರೀರಿ, ಬರೀರಿ. ಜನ ನೋಡ್ಕೋತಾರೆ.”

ನಾನು ಹಾಗೆ ಹೇಳಿರಲಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆದರೂ ಇಬ್ಬರು ಮೂವರು ನನ್ನತ್ತ ತಿರುಗಿ ನೋಡಿದರು. ಆ ಮನುಷ್ಯ ಮತ್ತೆ ಕೈ ಮುಗಿದರು. ನಾನು ಇಪ್ಪತ್ತು ವರ್ಷಗಳಿಂದ ಈ ಊರಿನಲ್ಲಿ ವರದಿ ಮಾಡುತ್ತಿದ್ದೇನೆ. ಬೈದವರು, ತಳ್ಳಿದವರು, ಕೋರ್ಟಿಗೆಳೆದವರು ಇದ್ದಾರೆ. ಮುಗಿದ ಆ ಕೈಗಳನ್ನು ನೋಡಿ ಆದಷ್ಟು ಹೇಸಿಗೆ ಅವರಲ್ಲಿ ಯಾರಿಂದಲೂ ಆಗಿರಲಿಲ್ಲ.

ಅದೇ ಮಧ್ಯಾಹ್ನ ಚಾಲಕರ ಮನೆಗೆ ಹೋದೆ. ಪುಡಿಯ ಡಬ್ಬಿಗಳು ಹೊಲಿಗೆ ಯಂತ್ರದ ಪಕ್ಕದಲ್ಲಿದ್ದವು. ಕೀ ಸಿಗುತ್ತದೆಂಬ ಆಸೆಗೆ ಆಗಲೇ ಕೊಂಡಿದ್ದರು. ನಾನು ಇರುವಾಗಲೇ ಕೇಂದ್ರದಿಂದ ಫೋನ್ ಬಂತು. ಚಾಲಕರು ಸ್ಪೀಕರ್ ಹಾಕಿದರು.

“ಪುಡಿ ಶುರು ಮಾಡಿದ್ರಾ ಸರ್? ಮುಗಿದ ಮೇಲೆ ವಿದ್ಯಾರಣ್ಯಪುರಂಗೆ ಮರು ತಪಾಸಣೆಗೆ ಬನ್ನಿ. ಅವತ್ತು ಬೆಳಿಗ್ಗೆ ದೇವಸ್ಥಾನಕ್ಕೆ ಹೋಗ್ಬೇಡಿ ಸರ್. ಹೋದ್ರೂ ಪ್ರಸಾದ ತಿನ್ಬೇಡಿ, ಮನೆಗೆ ತಂದಿಟ್ಕೊಳಿ. ಸೋಪಲ್ಲಿ ಕೈ ತೊಳ್ಕೊಂಡು ಬನ್ನಿ.”

“ಪ್ರಸಾದ ಯಾಕೆ ಬೇಡ?” ಎಂದು ಹೆಂಡತಿ ಫೋನಿನ ಹತ್ತಿರ ಬಗ್ಗಿ ಕೇಳಿದರು.

“ಶುಗರ್ ಜಾಸ್ತಿ ತೋರಿಸುತ್ತೆ ಮೇಡಂ.”

ಮೊದಲ ಪರೀಕ್ಷೆ ಹುಗ್ಗಿಯ ಕೈಯಿಂದ. ಎರಡನೆಯದು ತೊಳೆದ ಕೈಯಿಂದ, ನಿಜವಾದ ಖಾಲಿ ಹೊಟ್ಟೆಯಲ್ಲಿ. ನಡುವೆ ಪುಡಿ. ಪುಡಿಯ ಬದಲು ಏನು ತಿನ್ನಿಸಿದ್ದರೂ ಅಂಕಿ ಇಳಿಯುತ್ತಿತ್ತು. ಆಕೆ ಫೋನು ಕತ್ತರಿಸಿದರು. ಡಬ್ಬಿಗಳನ್ನು ತೆಗೆದು ಬಾಗಿಲ ಹೊರಗಿಟ್ಟರು.

“ನಾಳೆ ಆ ಡಾಕ್ಟ್ರಮ್ಮನ ಹತ್ರ ಹೋಗೋಣ ನಡೀರಿ,” ಅಂದರು ಗಂಡನಿಗೆ. ಈ ಸಲ ಅವರು ಹಿಂದೇಟು ಹಾಕಲಿಲ್ಲ. ಇನ್ನು ಚಿಂತೆಯಿಲ್ಲ, ಎಲ್ಲ ಹುಗ್ಗಿಯ ಆಟ ಎಂಬ ಧೈರ್ಯ ಅವರಿಗೆ ಬಂದಿತ್ತು. ನಿಜ ಹೇಳಬೇಕೆಂದರೆ ನನಗೂ ಬಂದಿತ್ತು. ಆರೋಗ್ಯವಂತನೊಬ್ಬನನ್ನು ರೋಗಿ ಮಾಡಿದ ಕಥೆ ನನ್ನ ತಲೆಯಲ್ಲಿ ಆಗಲೇ ಅರ್ಧ ಬರೆದಾಗಿತ್ತು.

ಮರುದಿನ ಎರಡು ಕೊಳವೆಗಳಲ್ಲಿ ರಕ್ತ ತೆಗೆದರು. ಬೂದು ಮುಚ್ಚಳದ್ದು ಖಾಲಿ ಹೊಟ್ಟೆಯ ಸಕ್ಕರೆಗೆ. ತೆಗೆದ ಮೇಲೆ ಸಕ್ಕರೆ ಕರಗಿ ಹೋಗದಂತೆ ಅದರಲ್ಲಿ ಮದ್ದು ಇರುತ್ತದೆ. ನೇರಳೆ ಮುಚ್ಚಳದ್ದು ಎಚ್‌ಬಿಎ1ಸಿ ಎಂಬ ಪರೀಕ್ಷೆಗೆ. ಕಳೆದ ಎರಡು ಮೂರು ತಿಂಗಳಲ್ಲಿ ರಕ್ತದ ಕೆಂಪು ಕಣಗಳಿಗೆ ಎಷ್ಟು ಸಕ್ಕರೆ ಅಂಟಿದೆ ಎಂದು ಅದು ಹೇಳುತ್ತದೆ. ಅದಕ್ಕೆ ಇವತ್ತಿನ ಹುಗ್ಗಿಯೂ ಲೆಕ್ಕವಿಲ್ಲ, ಇವತ್ತಿನ ಉಪವಾಸವೂ ಲೆಕ್ಕವಿಲ್ಲ.

ಖಾಲಿ ಹೊಟ್ಟೆಯ ಸಕ್ಕರೆ 108. ಎಚ್‌ಬಿಎ1ಸಿ 5.9.

ವೈದ್ಯೆ ಕಾಗದವನ್ನು ಚಾಲಕರ ಕಡೆ ತಿರುಗಿಸಿ ಹಿಡಿದರು. “ನಿಮಗೆ ಶುಗರ್ ಕಾಯಿಲೆ ಇಲ್ಲ.”

ಚಾಲಕರು ಹೆಂಡತಿಯ ಮುಖ ನೋಡಿದರು.

“ಪೂರ್ತಿ ಕೇಳಿ. ಇಲ್ಲಿ 5.7ಕ್ಕಿಂತ ಕಡಿಮೆ ಇದ್ರೆ ಸಹಜ, 6.5 ಆದ್ರೆ ಕಾಯಿಲೆ. ನಿಮ್ಮದು ಮಧ್ಯೆ ಇದೆ. ಖಾಲಿ ಹೊಟ್ಟೆದೂ ಮಧ್ಯೆನೇ. ಎರಡೂ ಒಂದೇ ಮಾತು ಹೇಳ್ತಿವೆ. ಪೂರ್ವ ಮಧುಮೇಹ.”

“ಹಳದಿ,” ಅಂದರು ಹೆಂಡತಿ.

“ಹಳದಿ. ಮಾತ್ರೆ ಬೇಡ, ಪುಡಿ ಬೇಡ. ಕೂತು ಓಡಿಸೋ ಕೆಲಸ, ಹೊಟ್ಟೆ ಇಳೀಬೇಕು. ದಿನಾ ಬೆವರು ಬರೋ ಹಾಗೆ ನಡೀರಿ. ಅನ್ನ ಕಡಿಮೆ, ಕಾಳು ತರಕಾರಿ ಜಾಸ್ತಿ. ಮುದ್ದೆ ಅಂತ ಎರಡು ನುಂಗಬೇಡಿ, ಅದೂ ಪಿಷ್ಟವೇ. ಸರಿಯಾಗಿ ಮಾಡಿದ್ರೆ ಎಷ್ಟೋ ಜನ ಹಸಿರಿಗೆ ವಾಪಸ್ ಹೋಗ್ತಾರೆ. ಮಾಡದಿದ್ರೆ ಕೆಲವರು ಕೆಂಪಿಗೆ ಹೋಗ್ತಾರೆ. ವರ್ಷಕ್ಕೊಂದ್ಸಲ ಬಂದು ನೋಡಿಸ್ಕೊಳಿ.”

“ಬಸ್ ಓಡಿಸ್ಬೋದಾ ಡಾಕ್ಟ್ರೇ?”

“ಯಾಕೆ ಓಡಿಸಬಾರದು? ಇನ್ಸುಲಿನ್, ಕೆಲವು ಮಾತ್ರೆ ತಗೊಳ್ಳೋರಿಗೆ ಸಕ್ಕರೆ ಇದ್ದಕ್ಕಿದ್ದಂತೆ ಇಳಿದು ತಲೆ ತಿರುಗಬಹುದು. ನೀವು ಏನೂ ತಗೋತಿಲ್ಲ. ಬರ್ಕೊಡ್ತೀನಿ.”

ಹೊರಗೆ ಬಂದ ಮೇಲೆ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತೆವು. ನನ್ನ ಅರ್ಧ ಬರೆದ ಕಥೆ ಕೆಟ್ಟಿತ್ತು. ಈಗ ಎರಡು ದಾರಿ. ಹುಗ್ಗಿಯ ವಿಷಯ, ಫೋನಿನ ವಿಷಯ ಬರೆದು, ಚಾಲಕರಿಗೆ ‘ಸಕ್ಕರೆ ಕಾಯಿಲೆ ಇಲ್ಲ ಎಂದು ದೃಢಪಟ್ಟಿದೆ’ ಎಂದಷ್ಟೇ ಹೇಳಿ ನಿಲ್ಲಿಸಬಹುದು. ಅದು ಸುಳ್ಳಲ್ಲ. ಕೀ ಬೇಗ ವಾಪಸ್ ಬರುತ್ತದೆ. ಅಥವಾ 5.9 ಎಂದು ಬರೆಯಬಹುದು. ಗುತ್ತಿಗೆದಾರ ಅದನ್ನೇ ಹಿಡಿದುಕೊಳ್ಳಬಹುದು, ಆಯೋಜಕರು ‘ನೋಡಿ, ನಾವು ಹೇಳಿದ್ದು ನಿಜವೇ ಆಯಿತಲ್ಲ’ ಅನ್ನಬಹುದು. ಎರಡನ್ನೂ ಅವರಿಬ್ಬರಿಗೆ ಬಿಡಿಸಿ ಹೇಳಿದೆ. ಬರೆಯಬೇಕಾದ ಅಂಕಿ ಅವರ ಮೈಯದು. ಒಪ್ಪಿಗೆ ಅವರದೇ ಆಗಬೇಕಿತ್ತು.

ಹೆಂಡತಿ ಹೇಳಿದರು: “ಹಳದಿ ಅಂತಾನೇ ಬರೀರಿ ಅಕ್ಕ. ಏನೂ ಇಲ್ಲ ಅಂತ ಪೇಪರ್‌ನಲ್ಲಿ ಬಂದ್ಬುಟ್ರೆ ಇವ್ರು ಅದನ್ನ ಗೋಡೆಗಂಟಿಸ್ಕೊಂಡು ಕಾಫಿಗೆ ಮೂರ್ ಚಮಚ ಸಕ್ಕರೆ ಹಾಕಿಸ್ಕೋತಾರೆ.”

“ಎರಡೇ ಹಾಕಿಸ್ಕೊಳ್ಳೋದು ಕಣೇ.”

“ದೊನ್ನೆನೂ ಒಂದೇ ಅಂದಿದ್ರಿ.”

ಚಾಲಕರು ನಕ್ಕುಬಿಟ್ಟರು. ಆಮೇಲೆ ನನಗೆ ಅಂದರು: “ಬರೀರಿ ಮೇಡಂ. ಹೆಸರು ಹಾಕ್ಬೇಡಿ ಅಷ್ಟೇ.”

ಸುದ್ದಿ ಸಂಪಾದಕರು ವರದಿಯನ್ನು ಎರಡು ಸಲ ಓದಿದರು. ಅವರ ಮೊದಲ ತಕರಾರು ಪ್ರಸಾದದ ಬಗ್ಗೆ.

“ಆ ಪದ ಬೇಡ. ‘ಸಿಹಿ ತಿನಿಸು’ ಅಂತ ಹಾಕೋಣ. ಸುಮ್ನೆ ಯಾಕೆ ಗಲಾಟೆ?”

“ಸಿಹಿ ತಿನಿಸು ಅಂತ ಹಾಕಿದ್ರೆ ಸುದ್ದಿಯೇ ಇಲ್ಲ ಸರ್. ಸಿಹಿ ತಿನಿಸು ತಿಂದೋರು ತಿಂದೆ ಅಂತಾರೆ. ಪ್ರಸಾದ ತಿಂದೋರು ತಿಂದಿಲ್ಲ ಅಂತಾರೆ. ಆ ಮನುಷ್ಯ ಲಾಭ ಮಾಡ್ಕೊಂಡಿರೋದು ಅದರಿಂದಾನೇ.”

ಎರಡನೆಯ ತಕರಾರು ಮೊದಲ ಪ್ಯಾರಾದ ಬಗ್ಗೆ. ನಾವು ಪ್ರಕಟಿಸಿದ ಶೀರ್ಷಿಕೆಯನ್ನು ಉಲ್ಲೇಖಿಸಿ, ಅದು ಪರಿಶೀಲಿಸದೆ ಹಾಕಿದ್ದು ಎಂದು ಅಲ್ಲೇ ಬರೆದಿದ್ದೆ.

“ನಮ್ಮ ಮುಖಕ್ಕೆ ನಾವೇ ಮಸಿ ಬಳ್ಕೊಳ್ಳೋದಾ?”

“ಆ ಪೇಪರ್ ತೋರಿಸಿಯೇ ಗುತ್ತಿಗೆದಾರ ಕೀ ಇಟ್ಕೊಂಡಿರೋದು.”

ಅವರು ಎದ್ದು ಹೋದರು. ಶಿಬಿರದವರು ನಮ್ಮ ಜಾಹೀರಾತುದಾರರು ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ವರದಿ ಮೂರು ದಿನ ಅವರ ಕಂಪ್ಯೂಟರಿನಲ್ಲಿ ಕೂತಿತ್ತು. ನಡುವೆ ಇನ್ನೊಂದು ಭಾನುವಾರ ಬಂತು, ಹೋಯಿತು. ಅರ್ಚಕರು ಫೋನ್ ಮಾಡಿ, ಆ ದಿನ ತಾವೇ ಮೈಕಿನಲ್ಲಿ ‘ಪ್ರಸಾದ ತಗೊಂಡವರು ಬೆರಳು ಕೊಡಬೇಡಿ’ ಎಂದು ಹೇಳಿದ್ದಾಗಿ, ಶಿಬಿರದವರು ಮುನಿಸಿಕೊಂಡು ಬೇಗ ಟೇಬಲ್ಲು ಮಡಚಿದ್ದಾಗಿ ತಿಳಿಸಿದರು. ಅದನ್ನು ವರದಿಗೆ ಸೇರಿಸಿ ಮತ್ತೆ ಸಂಪಾದಕರ ಮುಂದಿಟ್ಟೆ. ಅರ್ಚಕರೇ ಮೈಕಿನಲ್ಲಿ ಹೇಳಿದ ಪದವನ್ನು ನಾವು ಬರೆಯಲು ಹೆದರಬೇಕಾಗಿಲ್ಲ ಅಂದೆ. ಅದು ಒಪ್ಪಿಗೆಯಾಯಿತು. ವರದಿ ಮೂರನೇ ಪುಟದಲ್ಲೇ, ಹಳೆಯ ಸುದ್ದಿ ಇದ್ದಷ್ಟೇ ಜಾಗದಲ್ಲಿ, ಪ್ರಸಾದ ಎಂಬ ಪದದೊಂದಿಗೆ ಬಂತು. ಮೊದಲ ಪ್ಯಾರಾ ಕೊನೆಯ ಪ್ಯಾರಾ ಆಗಿತ್ತು.

ಪ್ರತಿಕ್ರಿಯೆಗೆಂದು ಗುತ್ತಿಗೆದಾರರಿಗೆ ಫೋನ್ ಮಾಡಿದೆ. ಓದಿದ್ದೇನೆ ಅಂದರು.

“ಆದ್ರೂ ಮೇಡಂ, ಹಳದಿನೂ ಹಸಿರಲ್ವಲ್ಲ.”

ವೈದ್ಯೆಯ ಪತ್ರ ನೋಡಿದಿರಾ ಎಂದೆ. ನೋಡಿದ್ದೇನೆ, ವಕೀಲರಿಗೆ ತೋರಿಸುತ್ತೇನೆ ಅಂದರು. ಸಂಕ್ರಾಂತಿ ಕಳೆದ ಮೇಲೆ ಚಾಲಕರಿಗೆ ಕೀ ಕೊಟ್ಟರು. ಮೊದಲಿನ ಮಾರ್ಗವಲ್ಲ, ದೂರದ್ದು. ಪುಡಿಯ ಕೇಂದ್ರದ ವಿರುದ್ಧ ವೈದ್ಯೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆದ ದೂರು ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂದಿದೆ. ಅದಾದ ಮೇಲೆ ಬೇರೆ ಉತ್ತರ ಬಂದಿಲ್ಲ.

ಚಾಲಕರು ಈಗ ಪಾಳಿ ಮುಗಿದ ಮೇಲೆ ಬಸ್ಸು ನಿಲ್ಲಿಸಿ ಮನೆಗೆ ನಡೆದೇ ಹೋಗುತ್ತಾರೆ. ಹೊಟ್ಟೆ ಸ್ವಲ್ಪ ಇಳಿದಿದೆ. ಬೇಸಿಗೆಯ ಕೊನೆಗೆ ಮಾಡಿಸಿದ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 5.7 ಬಂದಿದೆ. ಅದೂ ಹಳದಿಯೇ.

ಕಳೆದ ತಿಂಗಳು ಗುತ್ತಿಗೆದಾರರ ಬಸ್ ಶೆಡ್ಡಿನಲ್ಲಿ ಎಲ್ಲ ಚಾಲಕರಿಗೆ ಉಚಿತ ಸಕ್ಕರೆ ತಪಾಸಣೆ ನಡೆಯಿತು. ನಡೆಸಿದವರು ವಿದ್ಯಾರಣ್ಯಪುರಂನ ಅದೇ ಕೇಂದ್ರದವರು. ತಪಾಸಣೆಗೆ ಮೊದಲು ಎಲ್ಲರಿಗೂ ಕೇಸರಿಬಾತು, ಕಾಫಿ ಕೊಟ್ಟರು. ಚಾಲಕರು ಕೇಸರಿಬಾತು ಮುಟ್ಟಲಿಲ್ಲ, ಬೆರಳೂ ಕೊಡಲಿಲ್ಲ. ಆಸ್ಪತ್ರೆಯ ವರದಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, ಶಿಬಿರ ಮುಗಿಯುವವರೆಗೂ ಅಲ್ಲೇ ನಿಂತಿದ್ದರು. ಅವರ ಹೆಸರಿನ ಮುಂದೆ ‘ಗೈರುಹಾಜರು’ ಎಂದು ಬರೆದುಕೊಂಡಿದ್ದಾರೆ.